ಮರಳಿ ಕರೆಯುವ ಕೆಲಸ

ಸಾಗರದ ಬಾಡಿಗೆ ಮನೆಯೊಂದರ ಹಿಂದಿನ ಕೋಣೆಯಲ್ಲಿ ಕುಳಿತು ಬೇರೊಬ್ಬಳ ಹೆಸರಿನಲ್ಲಿ ಮಾತಾಡುವ ಕೆಲಸ ನನ್ನದು. ಆ ಹೆಸರು ಕಂಪನಿ ಕೊಟ್ಟದ್ದು. ಕಂಪನಿ ಯಾವುದೋ ದ್ವೀಪದಲ್ಲಿದೆಯಂತೆ. ಇಷ್ಟು ವರ್ಷವಾದರೂ ನನಗೆ ಗೊತ್ತಿರುವುದು ಅಷ್ಟೇ. ಕ್ರಿಕೆಟ್, ಕಬಡ್ಡಿ, ಫುಟ್‌ಬಾಲ್ ಪಂದ್ಯಗಳ ಮೇಲೆ ಜನ ಫೋನಿನಲ್ಲೇ ಬಾಜಿ ಕಟ್ಟುವ ವೆಬ್‌ಸೈಟ್ ಅವರದು. ಕೆಲವರು ಸ್ವಲ್ಪ ದಿನ ಆಡಿ ಬಿಟ್ಟುಬಿಡುತ್ತಾರೆ. ಅಂಥವರಿಗೆ ಫೋನ್ ಮಾಡಿ, ಕನ್ನಡದಲ್ಲಿ ಕುಶಲ ವಿಚಾರಿಸಿ, ಮತ್ತೆ ಆಟಕ್ಕೆ ಕರೆತರಬೇಕು.

ಸೇರುವಾಗ ಇದು ಗೊತ್ತಿರಲಿಲ್ಲ. ಗ್ರಾಹಕ ಸೇವೆ, ಮನೆಯಿಂದಲೇ ಕೆಲಸ ಎಂದಿದ್ದರು. ಮಗಳು ಚಿಕ್ಕವಳು, ಗಂಡ ಬೈಕ್ ಷೋರೂಮಿನಲ್ಲಿ ಮೆಕ್ಯಾನಿಕ್, ಜೊತೆಗೆ ಅತ್ತೆ. ಮನೆ ಬಿಟ್ಟು ಹೋಗದೆ ಸಿಗುವ ಕೆಲಸ ಎಂದರೆ ಬೇಡ ಎನ್ನಲು ಕಾರಣವೇ ಇರಲಿಲ್ಲ. ಅರ್ಥವಾಗುವ ಹೊತ್ತಿಗೆ ಮನೆಯ ಬಾಡಿಗೆ, ಮಗಳ ಸ್ಕೂಲು ಎಲ್ಲ ಈ ಸಂಬಳಕ್ಕೆ ಒಗ್ಗಿಹೋಗಿದ್ದವು. ಗಂಡನಿಗೆ ಹೇಳಿದೆ. "ಬೇರೆ ಸಿಗೋವರೆಗೆ ಮಾಡು" ಎಂದ. ಅತ್ತೆಗೆ ಮಾತ್ರ ಆಟದ ಕಂಪನಿ ಎಂದಷ್ಟೇ ಹೇಳಿದ್ದೆವು.

ಬೇರೆ ಸಿಗಲಿ ಎಂದು ನಾನೂ ಓಡಾಡಿದೆ. ತೀರ್ಥಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ರಿಸೆಪ್ಷನ್‌ಗೆ ಜನ ಬೇಕೆಂದು ತಿಳಿದು ಹೋದೆ. ಅಲ್ಲಿಯ ಮ್ಯಾನೇಜರ್ ಹೆಂಗಸಿಗೆ ನನ್ನ ಮಾತು ಹಿಡಿಸಿತು.

"ಫೋನಲ್ಲಿ ಮಾತಾಡಿ ಅಭ್ಯಾಸ ಇದೆ ಅನ್ಸುತ್ತೆ. ಎಲ್ಲಿ ಮಾಡ್ತಿದ್ರಿ?"

ಒಂದು ವಿದೇಶಿ ಕಂಪನಿ ಎಂದೆ.

"ಹಂಗಾದ್ರೆ ಅವರ ಹತ್ರ ಒಂದು ಎಕ್ಸ್‌ಪೀರಿಯೆನ್ಸ್ ಲೆಟರ್ ತಗಂಬನ್ನಿ. ಸೋಮವಾರದಿಂದಲೇ ಬರಬಹುದು."

ಹೊರಗೆ ಬಂದು ಕೆಲಸದಲ್ಲಿ ನನ್ನ ಮೇಲಿನವನಿಗೆ ಫೋನ್ ಮಾಡಿದೆ. ಅವನನ್ನು ನಾನು ಸ್ಕ್ರೀನಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿಲ್ಲ. ಅವನು ಬೈಯಲಿಲ್ಲ, ಹಿಂದಿಯಲ್ಲಿ ಸಮಾಧಾನವಾಗಿಯೇ ಕೇಳಿದ: ಯಾವ ಹೆಸರಿಗೆ ಪತ್ರ ಕೊಡಲಿ, ನಿನ್ನ ಹೆಸರಿಗೋ ನಾವು ಕೊಟ್ಟ ಹೆಸರಿಗೋ? ಮತ್ತು ಯಾವ ಕಂಪನಿಯ ಪರವಾಗಿ? ಸಂಬಳ ಬರುವ ಖಾತೆಯ ಹೆಸರೂ ಕೆಲವು ತಿಂಗಳಿಗೊಮ್ಮೆ ಬದಲಾಗುತ್ತಿತ್ತು. ಪತ್ರ ಬೇಡ ಎಂದು ಫೋನ್ ಇಟ್ಟೆ. ಇಷ್ಟು ವರ್ಷ ನಾನು ಏನೂ ಮಾಡಿಲ್ಲ ಎಂದು ಹೇಳಿಕೊಂಡರೆ ಮಾತ್ರ ಇನ್ನೊಂದು ಕೆಲಸಕ್ಕೆ ಹೋಗಬಹುದು, ಅದೂ ಮೊದಲಿಂದ ಶುರುಮಾಡಿ. ವಾಪಸ್ ಬರುವಾಗ ಬಸ್ಸು ಹೊಸನಗರದಲ್ಲಿ ನಿಂತಿತು. ನನ್ನ ತವರು ಅಲ್ಲೇ. ಇಳಿದರೆ ಎಲ್ಲ ಹೇಳಬೇಕಾಗುತ್ತದೆ ಎಂದು ಕಿಟಕಿಯ ಪರದೆ ಎಳೆದು ಕುಳಿತೆ. ಮಧ್ಯಾಹ್ನ ಊಟವಾದ ಮೇಲೆ ಹೆಡ್‌ಫೋನ್ ಹಾಕಿಕೊಂಡೆ.

ಅದಾಗಿ ಸ್ವಲ್ಪ ದಿನಕ್ಕೆ, ಕರೆಯಬೇಕಾದವರ ಪಟ್ಟಿಯಲ್ಲಿ ಒಬ್ಬರ ಸರದಿ ಬಂತು. ನಾನು ಕುಶಲ ವಿಚಾರಿಸುವಷ್ಟರಲ್ಲೇ ಆ ಕಡೆಯಿಂದ ವಯಸ್ಸಾದ ಗಂಡಸಿನ ಸೋತ ದನಿ ಕೇಳಿಸಿತು.

"ಮೇಡಂ, ಆ ಅಕೌಂಟ್ ಮುಚ್ಚಿ ಅಂತ ಎಷ್ಟು ಸಲ ಹೇಳೋದು? ನೀವು ಮುಚ್ಚೋದಿಲ್ಲ, ಮತ್ತೆ ಮತ್ತೆ ಫೋನ್ ಮಾಡ್ತೀರಿ. ಫೋನ್ ಬಂದಾಗೆಲ್ಲ ನಂಗೆ ಆಸೆ ಆಗ್ತದೆ."

ಮುಚ್ಚುವ ಅಧಿಕಾರ ನಮಗಿಲ್ಲ. ಒಂದು ಆಟ ಉಚಿತ ಎಂದು ಆಸೆ ತೋರಿಸಬೇಕು, ಒಪ್ಪದಿದ್ದರೆ ಪರಿಶೀಲಿಸುತ್ತೇವೆ ಎಂದು ಹೇಳಿ ಮುಂದಿನ ವಾರ ಮತ್ತೆ ಕರೆಯಬೇಕು. ಅದನ್ನೇ ಹೇಳಲು ಹೊರಟಿದ್ದೆ. ಅವರ ಮಾತಿನ ಹಿಂದೆ ಎಂಜಿನ್ನಿನ ಗುಡುಗುಡು ಸದ್ದು, ಬೈಕುಗಳನ್ನು ಬದಿಗೆ ನಿಲ್ಲಿಸಿ ಎಂದು ಯಾರೋ ಕೂಗುವುದು ಕೇಳಿಸಿತು. ಆಗಿನ್ನೂ ಅಣೆಕಟ್ಟಿನ ಹಿನ್ನೀರಿಗೆ ಸೇತುವೆ ಆಗಿರಲಿಲ್ಲ, ಜನ, ವಾಹನ ಎಲ್ಲ ಲಾಂಚೆಂಬ ದೊಡ್ಡ ದೋಣಿಯಲ್ಲೇ ದಾಟಬೇಕಿತ್ತು. ನನ್ನ ಚಿಕ್ಕಮ್ಮನನ್ನು ಹೊಳೆಯಾಚೆಯ ಬ್ಯಾಕೋಡಿನ ಕಡೆ ಕೊಟ್ಟಿದ್ದರಿಂದ ರಜೆ ಬಂದಾಗಲೆಲ್ಲ ಆ ಸದ್ದಿನಲ್ಲೇ ಹೊಳೆ ದಾಟಿದವಳು ನಾನು.

"ಲಾಂಚಿನಲ್ಲಿದ್ದೀರಾ?" ಎಂದುಬಿಟ್ಟೆ.

 ಅವರು ನಮ್ಮ ಮನೆಮಾತಿನಲ್ಲೇ ಕೇಳಿದರು: "ಈ ಬದಿಯವ್ಳನೇ ತಂಗಿ ನೀನು?"

ನಮ್ಮ ಮಾತೆಲ್ಲ ರೆಕಾರ್ಡ್ ಆಗುತ್ತದೆ. ಯಂತ್ರ ಅದನ್ನು ಅಕ್ಷರಕ್ಕಿಳಿಸುತ್ತದೆ, ಮೇಲಿನವನು ಅದರ ಅನುವಾದ ಓದುತ್ತಾನೆ. ಆ ಯಂತ್ರಕ್ಕೆ ಪುಸ್ತಕದ ಕನ್ನಡ ಬರುತ್ತದೆ, ನಮ್ಮ ಮನೆಮಾತು ಬರುವುದಿಲ್ಲ. ಅದು ಹೊಳೆದದ್ದೇ ನಾನೂ ಅದರಲ್ಲೇ, ಮುಚ್ಚಿ ಎಂದು ಕೇಳಬೇಡಿ, ಬೇರೆ ದಾರಿಯಿದೆ ಎಂದು ಹೇಳಿದೆ.

"ಹೌದು ಅಣ್ಣಯ್ಯ. ಆನು ಹೇಳದು ಕೇಳಿ. ಮುಚ್ಚಿ ಹೇಳಿ ಕೇಳಡಿ, ಅದು ಆಗ್ತಿಲ್ಲೆ. ಈ ಫೋನು ಹುಡುಗಂದು, ಅವಂಗೆ ಇನ್ನೂ ಹದಿನೆಂಟು ಆಯ್ದಿಲ್ಲೆ ಹೇಳಿ ಕಂಪನಿಗೆ ಬರೀರಿ. ಅದೊಂದಕ್ಕೆ ಇವ್ಕೆ ಹೆದರಿಕೆ ಇದ್ದು."

"ಮೊಮ್ಮಗಂದು ಹೇಳಿ ಬರೀಲಾ?"

"ಬರೀರಿ. ಇನ್ನು ಆನು ಫೋನ್ ಮಾಡಿರೂ ಎತ್ತಡಿ."

ಅವರು ಸಣ್ಣಗೆ ನಕ್ಕರು. ಮರುದಿನ ನನ್ನ ಪಟ್ಟಿಯಲ್ಲಿ ಅವರಿರಲಿಲ್ಲ. ಅಷ್ಟೊಂದು ಹಗುರಾಗಿ ನಾನು ಆ ಕೋಣೆಯಲ್ಲಿ ಮತ್ತೆಂದೂ ಕುಳಿತದ್ದಿಲ್ಲ. ಮೇಲಿನವನು ಆ ಕರೆಯಲ್ಲಿ ಬರೀ ಅರ್ಥವಿಲ್ಲದ ಅಕ್ಷರಗಳಿವೆ, ಏನದು ಎಂದು ಕೇಳಿದ. ನೀರಿನ ಮೇಲಿದ್ದರು, ಸಿಗ್ನಲ್ ಇರಲಿಲ್ಲ ಎಂದೆ. ಇನ್ನೂ ಕೆಲವರಿಗೆ ಹಾಗೆ ಹೇಳಬೇಕೆಂದುಕೊಂಡೆ. ಆದರೆ ಆ ಮನೆಮಾತು ಬರುವವರು ಮತ್ತೆ ಸಿಗಲಿಲ್ಲ, ಬರದವರ ಹತ್ತಿರ ಹೇಳುವ ಧೈರ್ಯ ನನಗಿರಲಿಲ್ಲ.

ಕಳೆದ ವರ್ಷ ಬಾಜಿಯ ಮೇಲಿನ ಕಾನೂನು ಬಿಗಿಯಾಯಿತು. ಕಂಪನಿ ಬೇರೆ ಹೆಸರಿಟ್ಟುಕೊಂಡು ಮುಂದುವರಿಯಿತು. ಒಂದು ಬೆಳಿಗ್ಗೆ ಅತ್ತೆ ಪೇಪರಿನಲ್ಲಿ ಬಾಜಿ ಕಟ್ಟಿಸುತ್ತಿದ್ದವರನ್ನು ಹಿಡಿದ ಸುದ್ದಿ ಓದಿ, "ಎಂತಾ ಜನ ಇವು" ಎಂದರು. ನಾನು ದೋಸೆ ಹಾಕುತ್ತಿದ್ದೆ. ಒಲೆ ಆರಿಸಿ ಅವರ ಎದುರು ಕುಳಿತೆ.

"ನನ್ನ ಕೆಲಸನೂ ಅದೇಯ ಅತ್ತೆ."

ಅವರು ಕನ್ನಡಕ ತೆಗೆದರು. "ಗಂಡಂಗೆ ಗೊತ್ತಿದ್ದಾ?"

"ಇದ್ದು."

"ಹಂಗಾರೆ ಗೊತ್ತಿಲ್ದೇ ಇದ್ದಿದ್ದು ನಂಗೊಬ್ಳಿಗೇ." ಪೇಪರ್ ಮಡಚಿಟ್ಟು ಅಕ್ಕಿ ಆರಿಸಲು ಹೋದರು.

ಅಂದು ಸಂಜೆ ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ, ಸೊಸೆ ಕಾಣ್ತಿಲ್ಲವಲ್ಲ, ಕೆಲಸದಲ್ಲಿದ್ದಾಳಾ ಎಂದು ಕೇಳಿದ್ದು ನನ್ನ ಕೋಣೆಗೂ ಕೇಳಿಸಿತು.

"ಇಲ್ಲ, ಅವಳು ಆ ಕೆಲಸ ಬಿಟ್ಟಿದ್ದಾಳೆ. ಮಲಗಿದ್ದಾಳೆ" ಎಂದರು ಅತ್ತೆ.

ನನ್ನ ಕರೆಗೆ ಆಗಷ್ಟೇ ಒಬ್ಬರು ಫೋನ್ ಎತ್ತಿ ಹಲೋ ಎನ್ನುತ್ತಿದ್ದರು. ಎದ್ದು ಹೋಗಿ ಕಿಟಕಿ ಹಾಕಿ, ದನಿ ತಗ್ಗಿಸಿ ಮಾತಾಡಿದೆ. ಈಗಲೂ ಹಾಗೆಯೇ ಮಾತಾಡುತ್ತೇನೆ. ಸೆಕೆಗಾಲದಲ್ಲೂ ಆ ಕಿಟಕಿ ತೆರೆಯುವುದಿಲ್ಲ.