ಬೆಳಿಗ್ಗೆ ಮಾತ್ರ ಸೋರುತ್ತಿದ್ದ ಪೈಪು

ಅರವತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ನಾನು ಅಕ್ಕನ ಮನೆಗೆ ಟ್ರ್ಯಾಕ್ಟರ್ ನೋಡಲೆಂದೇ ಹೋಗಿದ್ದೆ. ಮನೆ ಇದ್ದದ್ದು ಕುಮಟೆ ತಾಲ್ಲೂಕಿನಲ್ಲಿ, ಬಾಡದಿಂದ ಸ್ವಲ್ಪ ಒಳಗೆ. ಆಗ ನಾನು ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಕುಮಟೆಯಿಂದ ಸುದ್ದಿ ಕಳಿಸುತ್ತಿದ್ದೆ. ಗಜನಿಯ ಕಟ್ಟೆಗೆ ಯಂತ್ರದಿಂದ ಮಣ್ಣು ಹಾಕಿಸುತ್ತಾರೆ ಎಂಬುದು ನಮ್ಮ ಕಡೆ ಸುದ್ದಿಯೇ ಆಗಿತ್ತು. ಹಾಕಿಸುತ್ತಿದ್ದವನು ಅಕ್ಕನ ಗಂಡ, ನನ್ನ ಭಾವ.

ಗಜನಿ ಎಂದರೆ ಹೊಳೆಯ ಉಪ್ಪುನೀರಿನ ಪಕ್ಕದ ತಗ್ಗು ಗದ್ದೆ. ನೀರಿಗೂ ಭತ್ತಕ್ಕೂ ನಡುವೆ ಇರುವುದು ಒಂದು ಮಣ್ಣಿನ ಕಟ್ಟೆ, ಅಷ್ಟೇ. ಹಿಂದಿನ ಹುಣ್ಣಿಮೆಯ ಉಬ್ಬರಕ್ಕೆ ಆ ಕಟ್ಟೆ ಒಂದು ಕಡೆ ಹರಿದಿತ್ತು. ಎತ್ತಿನ ಗಾಡಿಯನ್ನು ಅಡ್ಡ ನಿಲ್ಲಿಸುವಷ್ಟು ಅಗಲದ ಬಾಯಿ. ತೆಂಗಿನ ಕಾಂಡ, ಚಿರೆಕಲ್ಲು ಹಾಕಿ ತಾತ್ಕಾಲಿಕವಾಗಿ ತಡೆದಿದ್ದರು. ಅದು ಸಣ್ಣ ಉಬ್ಬರಗಳಿಗೆ ಸಾಕು. ಬರಲಿರುವ ಅಮಾವಾಸ್ಯೆಯ ನೀರಿಗೆ ಸಾಲದು. ಅಷ್ಟರೊಳಗೆ ಮಣ್ಣು ತುಂಬಿ ಮೆಟ್ಟಿ ಗಟ್ಟಿ ಮಾಡದಿದ್ದರೆ, ಉತ್ತು ಒಣಗಲು ಬಿಟ್ಟ ನೆಲಕ್ಕೆಲ್ಲ ಉಪ್ಪು ಏರುತ್ತದೆ. ಆ ವರ್ಷ ಬಿತ್ತನೆಯಿಲ್ಲ. ಎಲ್ಲಕ್ಕಿಂತ ತಗ್ಗಿನ ಗದ್ದೆ, ಒಡೆದ ಬಾಯಿಗೆ ಎದುರಾಗಿ, ಭಾವನದು.

ಪ್ರತಿ ವರ್ಷ ಕಟ್ಟೆಯ ಮಣ್ಣು ಹೆಂಗಸರ ತಲೆಯ ಮೇಲೆ ಬುಟ್ಟಿಯಲ್ಲಿ ಬರುತ್ತಿತ್ತು. ಈ ಸಲ ಅಷ್ಟು ವ್ಯವಧಾನವಿಲ್ಲ ಎಂದು ಭಾವ ಹಟ ಹಿಡಿದು, ಭಟ್ಕಳದ ಮುಟ್ಟಳ್ಳಿಯ ಜಮೀನುದಾರರೊಬ್ಬರ ಟ್ರ್ಯಾಕ್ಟರನ್ನೂ ಟ್ರೇಲರನ್ನೂ ತರಿಸಿದ್ದ. ಹೊನ್ನಾವರದಲ್ಲಿ ಶರಾವತಿಯನ್ನು ಜಂಗಲಿನ ಮೇಲೆ, ಅಂದರೆ ಜೋಡಿದೋಣಿಗೆ ಹಲಗೆ ಹಾಸಿದ ತೆಪ್ಪದ ಮೇಲೆ, ದಾಟಿಸಿ ತಂದಿದ್ದರು. ಗಜನಿಯ ಉಳಿದ ಪಾಲುದಾರರು ಒಪ್ಪಿದ್ದರು, ಆದರೆ ಒಪ್ಪಿದ ರೀತಿ ಹೇಗಿತ್ತೆಂದರೆ ಯಂತ್ರ ಕೈಕೊಟ್ಟರೆ ಮಾತು ಕೇಳಬೇಕಾದವನು ಭಾವನೊಬ್ಬನೇ.

ಆ ಟ್ರೇಲರಿನ ವಿಶೇಷವೆಂದರೆ ಅದು ತಾನೇ ಮುಂದುಗಡೆ ಎದ್ದು ಹಿಂದಕ್ಕೆ ಮಣ್ಣು ಸುರಿಯುತ್ತಿತ್ತು. ಟ್ರ್ಯಾಕ್ಟರಿನ ಸೀಟಿನ ಹಿಂದಿನಿಂದ ಒಂದು ದಪ್ಪ ರಬ್ಬರು ಪೈಪು ಟ್ರೇಲರಿನ ಅಡಿಯ ಜಾಕಿಗೆ ಹೋಗುತ್ತದೆ. ಡ್ರೈವರು ಸಣ್ಣದೊಂದು ಹಿಡಿಯನ್ನು ಎಳೆದರೆ ಪೈಪಿನಲ್ಲಿ ಎಣ್ಣೆ ಒತ್ತಿಕೊಂಡು ಹೋಗಿ ಜಾಕನ್ನು ಎತ್ತುತ್ತದೆ. ನೋಡಲು ಬಂದವರೆಲ್ಲ ಟ್ರ್ಯಾಕ್ಟರಿಗಿಂತ ಇದನ್ನೇ ಹೆಚ್ಚು ನೋಡುತ್ತಿದ್ದರು. ಇಷ್ಟು ಭಾರವನ್ನು ಎಣ್ಣೆ ಎತ್ತುವುದು ಹೇಗೆಂದು ನನಗೂ ಕುತೂಹಲ. ಬಂದ ಮೊದಲ ದಿನ ಅದು ಚೆನ್ನಾಗಿಯೇ ಎತ್ತಿತಂತೆ. ನಾನು ಹೋದದ್ದು ಎರಡನೆಯ ದಿನ ಬೆಳಿಗ್ಗೆ. ಹೋದಾಗ ಟ್ರೇಲರು ಎದ್ದಿರಲಿಲ್ಲ. ಪೈಪು ಟ್ರ್ಯಾಕ್ಟರಿಗೆ ಸೇರುವ ಜಾಗದ ಹಿತ್ತಾಳೆಯ ನಟ್ಟಿನಿಂದ ಎಣ್ಣೆ ಚಿಮ್ಮಿ ಡ್ರೈವರನ ಅಂಗಿ ತೊಯ್ದಿತ್ತು.

ಡ್ರೈವರು ಭಟ್ಕಳದವರು, ನವಾಯತಿ ಮಾತಿನವರು. ನಮ್ಮೊಡನೆ ಕನ್ನಡವಾಡುತ್ತಿದ್ದರು. ಊರವರು ಸಾಯಬರೇ ಎಂದು ಕರೆಯುತ್ತಿದ್ದರು. ಹಿಂದೆ ಪಂಪ್‌ಸೆಟ್ ಕೂರಿಸುವ ಕೆಲಸದಲ್ಲಿ ಇದ್ದವರು. ಅವರು ಪಾನಾ ಹಾಕಿ ನಟ್ಟನ್ನು ಬಿಗಿದರು. ಮತ್ತೂ ಸೋರಿತು. ಇನ್ನೂ ಬಿಗಿದರು. ಕೊನೆಗೆ ಬಿಚ್ಚಿ, ಪೈಪಿನ ತುದಿಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒಳಗೂ ಹೊರಗೂ ಒರೆಸಿ, ನೀರಿನ ಪಂಪಿಗೆ ಮಾಡುವ ಹಾಗೆ ಮರೆಗಳಿಗೆ, ಅಂದರೆ ನಟ್ಟು ತಿರುಗಿ ಕೂರುವ ಸುತ್ತುಗಳಿಗೆ, ಸಣಬಿನ ನೂಲು ಸುತ್ತಿ, ಬಿಳಿಯ ಸಫೇದಾ ಮೆತ್ತಿ ಕೂರಿಸಿದರು. ಸೋರುವುದು ನಿಂತಿತು. ಸಂಜೆಯವರೆಗೆ ಒಂದು ಹನಿಯೂ ಇಲ್ಲ.

"ನೂಲಿಲ್ದೆ ಯಾವ ಜಾಯಿಂಟೂ ನಿಲ್ಲೂದಿಲ್ಲ," ಎಂದರು ಸಾಯಬರು. ನಾನು ಅದನ್ನು ನಂಬಿದೆ.

ಮರುದಿನ ಬೆಳಿಗ್ಗೆ ಮತ್ತೆ ಸೋರಿತು. ಅದೇ ಜಾಗ. ಬಿಗಿಯುವಾಗ ನಟ್ಟು ಟಿಕ್ ಎಂದು ಉದ್ದಕ್ಕೆ ಸೀಳಿತು. ಹೆಚ್ಚಿನದೊಂದು ನಟ್ಟಿತ್ತು, ಅದನ್ನು ಹಾಕುವ ಮೊದಲು ಮತ್ತೆ ಒರೆಸಿ, ಮತ್ತೆ ನೂಲು ಸುತ್ತಿದರು. ಮತ್ತೆ ಸಂಜೆಯವರೆಗೆ ಸರಿಯಾಗಿ ನಡೆಯಿತು. ಆದರೆ ಬೆಳಗಿನ ತಂಪಿನ ಹೊತ್ತೆಲ್ಲ ಹಾಳಾಗಿತ್ತು. ಕಟ್ಟೆಯ ಬಾಯಿ ಅರ್ಧವೂ ತುಂಬಿರಲಿಲ್ಲ.

ಮಣ್ಣು ಮೆಟ್ಟಲು ಮತ್ತು ಟ್ರೇಲರಿಗೆ ತುಂಬಲು ಹೆಂಗಸರ ಒಂದು ತಂಡವಿತ್ತು. ಅವರ ಮುಂದಾಳು ಒಬ್ಬ ಹಿರಿಯ ಹೆಂಗಸು. ಆಕೆ ಗುದ್ದಲಿಗೆ ಒರಗಿ ನಿಂತು ಸಾಯಬರನ್ನು ನೋಡಿದಳು.

"ನಿಮ್ಮ ಆನಿಗೆ ದಿನಾ ಬೆಳಿಗ್ಗೆ ಮೂಗಿಂದ ರಕ್ತ ಬತ್ತದೆ, ಸಾಯಬರೇ. ಉಷ್ಣ ಇರೂಕು. ಮಜ್ಜಿಗೆ ಕೊಡ್ರಿ."

ಎಲ್ಲರೂ ನಕ್ಕರು. ಸಾಯಬರೂ ನಕ್ಕರು. ಭಾವ ನಗಲಿಲ್ಲ.

ನನಗೆ ಅಂಟಿಕೊಂಡದ್ದು ಆಕೆ ಹೇಳಿದ "ದಿನಾ ಬೆಳಿಗ್ಗೆ" ಎಂಬ ಮಾತು. ಕೆಟ್ಟ ಸಾಮಾನು ಕೆಡಲು ಹೊತ್ತು ನೋಡುವುದಿಲ್ಲ. ಇದು ನೋಡುತ್ತಿತ್ತು. ರಾತ್ರಿಯ ತಂಪಿಗೆ ರಬ್ಬರು ಕುಗ್ಗುತ್ತದೆಯೇ ಎಂದು ಕೇಳಿದೆ. ಸಾಯಬರು ಯೋಚಿಸಿ, ಹಾಗಾದರೆ ಮುಟ್ಟಳ್ಳಿಯಲ್ಲೂ ಸೋರಬೇಕಿತ್ತು, ಅಲ್ಲಿ ಒಮ್ಮೆಯೂ ಸೋರಿದ್ದಿಲ್ಲ ಎಂದರು. ಉಪ್ಪುಗಾಳಿಯೋ ಎಂದರೆ, ಮುಟ್ಟಳ್ಳಿಗೂ ಸಮುದ್ರ ದೂರವಲ್ಲ. ಅಲ್ಲಿಗೂ ಇಲ್ಲಿಗೂ ಇದ್ದ ವ್ಯತ್ಯಾಸ ಒಂದೇ. ಅಲ್ಲಿ ಟ್ರೇಲರು ಟ್ರ್ಯಾಕ್ಟರಿನಿಂದ ಬೇರೆಯಾಗುತ್ತಲೇ ಇರಲಿಲ್ಲ. ಇಲ್ಲಿ ಸಂಜೆ ಪೈಪು ಬಿಚ್ಚಿ, ಟ್ರೇಲರನ್ನು ಮಣ್ಣಿನ ಗುಂಡಿಯ ಹತ್ತಿರವೇ ಬಿಟ್ಟು, ಟ್ರ್ಯಾಕ್ಟರನ್ನು ಮನೆಯಂಗಳಕ್ಕೆ ತರುತ್ತಿದ್ದರು. ಬೆಳಿಗ್ಗೆ ಟ್ರ್ಯಾಕ್ಟರ್ ಹೋಗುವಷ್ಟರಲ್ಲಿ ಹೆಂಗಸರು ಟ್ರೇಲರು ತುಂಬಿ ಇಟ್ಟಿರುತ್ತಿದ್ದರು. ಬಿಚ್ಚಿ ಹಾಕಿದರೆ ಸವೆಯಬಹುದು ಎಂದು ಸಾಯಬರು ಹೇಳಿದರು. ಆದರೆ ಎರಡು ದಿನಕ್ಕೆ ಸವೆಯುವ ಹಿತ್ತಾಳೆ ಎಲ್ಲಿದೆ ಎಂದು ಅವರೇ ಕೇಳಿಕೊಂಡರು.

ಅದರ ಮರುದಿನ ಬೆಳಿಗ್ಗೆ ಎರಡನೆಯ ನಟ್ಟೂ ಸೀಳಿತು. ಇನ್ನು ಹಾಕಲು ನಟ್ಟಿರಲಿಲ್ಲ. ಅಮಾವಾಸ್ಯೆಗೆ ಮೂರು ದಿನ ಉಳಿದಿತ್ತು.

"ಈಗೆಂತ ಮಾಡೂದು?" ಎಂದ ಭಾವ. ಅದು ಪ್ರಶ್ನೆಯಂತೆ ಇರಲಿಲ್ಲ.

ಸಾಯಬರು ಪೈಪನ್ನು ಜಾಕಿನಿಂದಲೂ ಕಳಚಿ, ಸುರುಳಿ ಸುತ್ತಿ, ಗೋಣಿಚೀಲಕ್ಕೆ ಹಾಕಿದರು. ಹೊನ್ನಾವರದ ಬಂದರಿನ ಹತ್ತಿರ ಲಾಂಚುಗಳ ಎಂಜಿನ್ ರಿಪೇರಿ ಮಾಡುವ ಅಂಗಡಿಯಲ್ಲಿ ಲೇತು ಇದೆ, ಅಲ್ಲಿ ನಟ್ಟು ಕಡೆಯಿಸಬಹುದು ಎಂದರು. ನಾನೂ ಹೊರಟೆ. ಬಸ್ಸಿನಲ್ಲಿ ಚೀಲದಿಂದ ಎಣ್ಣೆ ಇಳಿದು, ಕಂಡಕ್ಟರು ಒಳಗೇನಿದೆ ಎಂದು ಕೇಳಿದ. ಆನೆಯ ಸೊಂಡಿಲು ಎಂದು ಸಾಯಬರು ಹೇಳಿದರು. ಆತ ಚೀಲವನ್ನು ಮೇಲಕ್ಕೆ ಹಾಕಿಸಿದ.

ಲೇತಿನವನು ಕೊಂಕಣಿಯವ, ಮಾತು ಕಡಿಮೆ. ಒಡೆದ ಎರಡು ನಟ್ಟುಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಎರಡೂ ಒಂದೇ ರೀತಿ ಸೀಳಿದ್ದವು. ಇವು ಕೆಟ್ಟು ಒಡೆದದ್ದಲ್ಲ, ಬಿಗಿದು ಒಡೆದದ್ದು ಎಂದ. ಸೋರಿದ್ದಕ್ಕೇ ಬಿಗಿದದ್ದು ಎಂದು ಸಾಯಬರು ಹೇಳಿದರು. ಆಗ ಅವನು ಲಾಂಚಿನ ಡೀಸೆಲ್ ಪೈಪೊಂದನ್ನು ತಂದು ತೋರಿಸಿದ. ಇಂಥ ಜಾಯಿಂಟಿನಲ್ಲಿ ಎಣ್ಣೆಯನ್ನು ತಡೆಯುವುದು ಮರೆಯಲ್ಲ. ಒಂದು ಪೈಪಿನ ತುದಿ ಆಲಿಕೆಯ ಹಾಗೆ ಅಗಲವಾಗಿದೆ, ಇನ್ನೊಂದರ ತುದಿ ಬುಗುರಿಯ ಹಾಗೆ ಚೂಪಾಗಿದೆ. ಚೂಪು ತುದಿ ಆಲಿಕೆಯೊಳಗೆ ಕೂತು, ಹಿತ್ತಾಳೆ ಹಿತ್ತಾಳೆಗೆ ಅಂಟಿದರೆ ಸಾಕು. ನಟ್ಟು ಅವೆರಡನ್ನು ಹಿಡಿದಿಡಲು ಮಾತ್ರ. ನೂಲು ಸುತ್ತುವುದಕ್ಕೂ ಸೋರುವುದಕ್ಕೂ ಸಂಬಂಧವೇ ಇಲ್ಲ.

ಸಾಯಬರು ಪೈಪನ್ನು ಕಿಟಕಿಯ ಬೆಳಕಿಗೆ ಹಿಡಿದು, ಅದರ ಆಲಿಕೆಯೊಳಗೆ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಬೆಂಕಿಕಡ್ಡಿಯ ತುದಿಯಿಂದ ಏನನ್ನೋ ಮೆಲ್ಲಗೆ ಎತ್ತಿ ಅಂಗೈ ಮೇಲೆ ಇಟ್ಟು ನನಗೆ ತೋರಿಸಿದರು. ಎಣ್ಣೆಯಲ್ಲಿ ನೆನೆದ ಒಂದು ಎಳೆ, ಕೂದಲಿಗಿಂತ ದಪ್ಪ, ಕಂದು ಬಣ್ಣ. ಅದು ಮಲಗಿದ್ದ ಜಾಗದಲ್ಲಿ ಹಿತ್ತಾಳೆಯ ಮೇಲೆ ಸಣ್ಣ ಗೆರೆ ಮೂಡಿತ್ತು.

"ನನ್ನ ಸಣಬಲ್ಲ ಇದು," ಎಂದರು. "ತೆಂಗಿನ ನಾರು."

ಮೂರು ದಿನದ ಗೊಂದಲದ ಒಂದು ಭಾಗ ಅಲ್ಲಿಗೆ ಬಿಡಿಸಿಕೊಂಡಿತು. ನೂಲು ಸುತ್ತಿದ್ದರಿಂದ ಸೋರುವುದು ನಿಂತಿರಲಿಲ್ಲ; ಸುತ್ತುವ ಮೊದಲು ಒಳಗೆ ಒರೆಸಿದಾಗ ನಾರು ಹೋಗಿತ್ತು, ಅದರಿಂದ ನಿಂತಿತ್ತು. ಆದರೆ ಸಂಜೆ ಇಲ್ಲದ ನಾರು ಬೆಳಿಗ್ಗೆಗೆ ಎಲ್ಲಿಂದ ಬರುತ್ತದೆ?

ಲೇತಿನವನು ಹೊಸ ನಟ್ಟು ಕಡೆದು ಕೊಟ್ಟ, ಗೆರೆಯನ್ನೂ ತಿಕ್ಕಿ ನುಣುಪು ಮಾಡಿದ. ಹಿಂದಿರುಗುವ ಬಸ್ಸು ಕುಮಟೆ ಹತ್ತಿರ ಬಂದಾಗ, ಆ ಹೆಂಗಸರ ಸಿಂಬೆ ಎಂತದರದ್ದು ಎಂದು ಸಾಯಬರು ಕೇಳಿದರು. ತಲೆಯ ಮೇಲೆ ಬುಟ್ಟಿಯ ಅಡಿಗೆ ಇಡುವ ಸಿಂಬೆಯನ್ನು ನಮ್ಮ ಕಡೆ ತೆಂಗಿನ ನಾರಿನಿಂದಲೇ ಸುತ್ತುತ್ತಾರೆ. ನಾನು ಹಾಗೆಂದು ಹೇಳಿದೆ. ಅವರು ತಲೆಯಾಡಿಸಿದರು.

ಸಂಜೆ ಪೈಪನ್ನು ಕೂರಿಸಿ, ನೂಲಿಲ್ಲದೆ, ಹೆಚ್ಚು ಬಿಗಿಯದೆ ನೋಡಿದರು. ಟ್ರೇಲರು ಒಣಗಿದ ಜಾಯಿಂಟಿನೊಡನೆ ಸರಾಗವಾಗಿ ಎದ್ದಿತು. ಭಾವನಿಗೆ ನಾರಿನ ವಿಷಯ ತಿಳಿದದ್ದು ಆಗ. ಯಂತ್ರ ಬಂದು ಕೆಲಸ ಹೋಯಿತೆಂಬ ಸಿಟ್ಟಿಗೆ ಹೆಂಗಸರೇ ಮಾಡಿದ್ದು ಎಂದು ಅವನು ತೀರ್ಮಾನ ಮಾಡಿಬಿಟ್ಟ. ಗುದ್ದಲಿ ತೊಳೆದು ಮನೆಗೆ ಹೊರಟಿದ್ದ ಹಿರಿಯ ಹೆಂಗಸನ್ನು ನಿಲ್ಲಿಸಿ ನೇರವಾಗಿ ಕೇಳಿದ. ಆಕೆ ಗುದ್ದಲಿಯನ್ನು ಕೆಳಗಿಟ್ಟಳು.

"ಒಡೆಯಾ, ಆ ಗಾಡಿ ನಿಂತ್ರೆ ಮಣ್ಣು ಯಾರ ತಲೆ ಮೇಲೆ ಬರೂದು? ನಿಮ್ಮ ತಲೆ ಮೇಲಾ?"

ಭಾವ ಟ್ರೇಲರಿನ ಕಡೆ ತಿರುಗಿದ. ಆಕೆ ಬಿಡಲಿಲ್ಲ.

"ಅದು ಓಡ್ಲಿ ಹೇಳಿ ನಾನು ದೇವ್ರಿಗೆ ಕಾಯಿ ಹೇಳ್ಕಂಡಿದ್ದೆ. ಬೇಡ ಅಂದ್ರೆ ನಾಳಿಂದ ಬರೂದಿಲ್ಲ. ನೀವೇ ಮೆಟ್ಟಿ."

ಆಕೆ ಹೋದಳು. ಯಂತ್ರ ಎಷ್ಟೇ ಮಣ್ಣು ಸುರಿದರೂ, ಹಸಿಯಿದ್ದಾಗಲೇ ಸಾಲಾಗಿ ನಿಂತು ಕಾಲಿನಿಂದ ಮೆಟ್ಟದಿದ್ದರೆ ಅದು ಕಟ್ಟೆಯಾಗುವುದಿಲ್ಲ. ಇದು ಭಾವನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆಕೆ ಹೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ನೋಡದೆ ಯಾರ ಹೆಸರನ್ನೂ ಹೇಳುವುದು ಬೇಡ, ಪೈಪಿನ ತುದಿಯನ್ನು ದಿನದ ಹಾಗೇ ಬಿಚ್ಚಿ ಬಿಡೋಣ, ಬೆಳಗಾಗುತ್ತಲೇ ಹೋಗಿ ನೋಡೋಣ ಎಂದೆ. ಭಾವ ಒಪ್ಪಿದ, ಮನಸ್ಸಿಲ್ಲದೆ.

ಬೆಳಕು ಹರಿಯುವಾಗ ನಾವು ಮೂವರು ಗದ್ದೆಯ ಅಂಚಿನಲ್ಲಿ ನಡೆದು ಹೋದೆವು. ಹೆಂಗಸರು ಇನ್ನೂ ಬಂದಿರಲಿಲ್ಲ. ಟ್ರೇಲರಿನ ಹತ್ತಿರ ಇದ್ದವನು ಕಾವಲಿನ ಅಜ್ಜ ಮಾತ್ರ. ಟ್ರೇಲರು, ಗುದ್ದಲಿ, ಬುಟ್ಟಿಗಳನ್ನು ನೋಡಿಕೊಳ್ಳಲು ಭಾವನೇ ಅವನನ್ನು ಇಟ್ಟಿದ್ದ. ಪ್ರಾಯದಲ್ಲಿ ಮಚವೆ ಎಂಬ ಹಾಯಿಹಡಗುಗಳ ಮೇಲೆ ಹಂಚು, ಉಪ್ಪು ಹೇರಿಕೊಂಡು ಬೊಂಬಾಯಿಯವರೆಗೆ ಹೋಗಿ ಬಂದವನು. ಪ್ರತಿದಿನ ಟ್ರ್ಯಾಕ್ಟರ್ ಬರುವ ಮೊದಲೇ ಮನೆಗೆ ಹೋಗಿರುತ್ತಿದ್ದರಿಂದ ನಾನು ಅವನನ್ನು ನೋಡಿದ್ದು ಅದೇ ಮೊದಲು. ಅವನು ಕುಕ್ಕರುಗಾಲಲ್ಲಿ ಕೂತು, ಪೈಪಿನ ತುದಿಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಅದರ ಬಾಯಿಂದ ನಾರಿನ ಉಂಡೆಯೊಂದನ್ನು ತಿರುಗಿಸಿ ತಿರುಗಿಸಿ ಎಳೆಯುತ್ತಿದ್ದ. ಉಂಡೆ ಹೊರಬಂತು. ಪೈಪಿನ ಬಾಯನ್ನು ಪಂಚೆಯ ತುದಿಯಿಂದ ಹೊರಗಡೆ ಒರೆಸಿ, ಉಂಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ನಮ್ಮನ್ನು ನೋಡಿ ಎದ್ದು ನಿಂತ. ಅವನ ಮುಖದಲ್ಲಿ ಯಾವ ಅಳುಕೂ ಇರಲಿಲ್ಲ.

"ಎಂತ ಅದು, ಅಜ್ಜ?" ಎಂದ ಭಾವ.

"ಬೂಚು. ದಿನಾ ಹಾಕ್ತೆ," ಎಂದ ಅಜ್ಜ. "ಇಲ್ಲಿ ಬಾಯಿ ತೆರ್ದು ಬಿಟ್ಟ ಸಾಮಾನಿಗೆ ಏಡಿಮರಿ ಹೋತದೆ, ಹೊಯ್ಗೆ ಹೋತದೆ. ಮಚವೇಲಿ ಹೀಂಗೆ ಬಿಟ್ಟಿದ್ರೆ ತಾಂಡೇಲ ಕಪಾಳಕ್ಕೆ ಕೊಡ್ತಿದ್ದ."

ಹಾಗಾದರೆ ಬೆಳಿಗ್ಗೆ ತೆಗೆಯುವುದೇಕೆ, ಯಾರಿಗೂ ಹೇಳಲಿಲ್ಲವೇಕೆ ಎಂದು ನಾನು ಕೇಳಿದೆ.

"ಕೊಟ್ಟ ಹಾಂಗೇ ವಾಪಸ್ ಕೊಡ್ಬೇಕಲ. ಇದ್ರಲ್ಲಿ ಹೇಳೂಕೆ ಎಂತ ಉಂಟು?"

ಸಾಯಬರು ಪೈಪನ್ನು ಎತ್ತಿ ಬೆಳಕಿಗೆ ಹಿಡಿದರು. ಆಲಿಕೆಯ ಒಳಗೆ ಎಣ್ಣೆಗೆ ಅಂಟಿಕೊಂಡು ಎರಡು ಎಳೆಗಳಿದ್ದವು. ಅಜ್ಜನಿಗೂ ತೋರಿಸಿದರು. ಅಜ್ಜ ಬಗ್ಗಿ ನೋಡಿ, ಇಷ್ಟಕ್ಕೆ ಅಷ್ಟು ದೊಡ್ಡ ಗಾಡಿ ಏಳುವುದಿಲ್ಲವೇ ಎಂದು ಕೇಳಿದ. ಏಳುವುದಿಲ್ಲ ಎಂದು ಸಾಯಬರು ಹೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಪೈಪಿನ ಬಾಯಿ ಮುಚ್ಚದೆ ಬಿಟ್ಟದ್ದು ತನ್ನ ಕೆಲಸದ ಕೊರತೆ, ಮರಳು ಹೋಗಿದ್ದರೆ ಜಾಕೇ ಕೆಡುತ್ತಿತ್ತು ಎಂದು ಆಮೇಲೆ ನನ್ನ ಬಳಿ ಹೇಳಿದರು. ಆ ದಿನ ಮಧ್ಯಾಹ್ನ ಅಜ್ಜನೇ ಮರದ ತುಂಡೊಂದನ್ನು ಕೆತ್ತಿ, ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡಿ ಬೂಚು ತಯಾರಿಸಿದ. ಸಾಯಬರು ಅದನ್ನು ಪೈಪಿಗೇ ದಾರದಿಂದ ಕಟ್ಟಿದರು.

ಮೂರು ದಿನ ನಾವು ನಟ್ಟು, ನೂಲು, ಗಾಳಿ, ಹೆಂಗಸರು ಎಲ್ಲವನ್ನೂ ವಿಚಾರಿಸಿದ್ದೆವು. ಇಡೀ ರಾತ್ರಿ ಅದರ ಪಕ್ಕದಲ್ಲೇ ಇರುತ್ತಿದ್ದವನನ್ನು ಕೇಳಿರಲಿಲ್ಲ. ಅವನು ಕಾವಲಿನವನು, ಹಾಗಾಗಿ ಲೆಕ್ಕಕ್ಕೇ ಬಂದಿರಲಿಲ್ಲ.

ಭಾವ ಅಲ್ಲಿಂದಲೇ ಹೆಂಗಸರ ಕೇರಿಗೆ ಹೋದ. ಅಲ್ಲಿ ಏನು ಹೇಳಿದನೋ ನಾನು ಕೇಳಿಲ್ಲ. ಬಿಸಿಲೇರುವ ಮೊದಲು ತಂಡ ಬಂತು. ಹಿರಿಯ ಹೆಂಗಸು ಭಾವನ ಕಡೆ ನೋಡದೆ ಗುಂಡಿಗೆ ಇಳಿದಳು. ಆ ದಿನವೂ ಮರುದಿನವೂ ಟ್ರೇಲರು ಒಮ್ಮೆಯೂ ನಿಲ್ಲಲಿಲ್ಲ. ಸುರಿದಂತೆಲ್ಲ ಅವರು ಭುಜಕ್ಕೆ ಭುಜ ತಾಗಿಸಿ ಮೆಟ್ಟುತ್ತ ಹೋದರು.

ಅಮಾವಾಸ್ಯೆಯ ದಿನ ಮಧ್ಯಾಹ್ನದ ಹೊತ್ತಿಗೆ ನೀರು ಏರಿತು. ಎಲ್ಲರೂ ಕಟ್ಟೆಯ ಮೇಲಿದ್ದೆವು. ನೀರು ಹೊಸ ಮಣ್ಣಿನ ಅಂಚಿಗೆ ಗೇಣು ಕಡಿಮೆಯಿರುವಂತೆ ಬಂದು ನಿಂತಿತು. ಭಾವ ಗದ್ದೆಯ ಕಡೆಯ ಬುಡದಲ್ಲಿ ಬಗ್ಗಿ ನೋಡುತ್ತ ಆಚೀಚೆ ನಡೆಯುತ್ತಿದ್ದ. ಹೊಸ ಮಣ್ಣು ಹಳೆಯ ಕಟ್ಟೆಗೆ ಸೇರುವ ಜಾಗದಲ್ಲಿ, ಬೆರಳು ಗಾತ್ರದ ಒಂದು ತೂತಿನಿಂದ ನೀರು ಒಸರುತ್ತಿತ್ತು. ಅವನು ಕೈ ಒತ್ತಿ ಹಿಡಿದ. ಬೆರಳುಗಳ ಸಂದಿಯಿಂದ ನೀರು ಬಂತು.

ಕಾವಲಿನ ಅಜ್ಜ ಇಳಿದು ಬಂದು ಸೊಂಟದಿಂದ ಹಳೆಯ ನಾರಿನ ಉಂಡೆಯನ್ನು ತೆಗೆದ. ಹಿರಿಯ ಹೆಂಗಸು ಅದನ್ನು ಅವನ ಕೈಯಿಂದ ಇಸಿದುಕೊಂಡು, ಜೇಡಿಮಣ್ಣಿನಲ್ಲಿ ಹೊರಳಿಸಿ, ಭಾವನ ಕೈ ಸರಿಸಿ, ತೂತಿಗೆ ತುರುಕಿ, ಹಿಮ್ಮಡಿಯಿಂದ ಮೆಟ್ಟಿದಳು. ಆಮೇಲೆ ಮೇಲೆ ನಿಂತಿದ್ದ ಡ್ರೈವರರ ಕಡೆ ಮುಖವೆತ್ತಿದಳು.

"ಇದಕ್ಕಾದ್ರೆ ನಾರು ಆತದಲಾ, ಸಾಯಬರೇ?"

ಸಾಯಬರು ಆಗುತ್ತದೆ ಎಂದು ತಲೆಯಾಡಿಸಿದರು. ಭಾವ ಆ ಜಾಗ ಒಣಗಿಯೇ ಇದೆಯೇ ಎಂದು ನೋಡುತ್ತ, ನೀರು ಇಳಿಯುವವರೆಗೆ ಅಲ್ಲೇ ಕೂತಿದ್ದ.