ಬುತ್ತಿಯೊಳಗಿನ ಇಂಗ್ಲಿಷ್

ನನ್ನ ಅವ್ವ ಇಂಗ್ಲಿಷ್ ಕಲಿತದ್ದು ಬಸ್ಸಿನಲ್ಲಿ. ಅವಳೇನೂ ಬಸ್ಸು ಹತ್ತಲಿಲ್ಲ, ಹತ್ತಿದ್ದು ಅವಳು ಕಟ್ಟಿಕೊಡುತ್ತಿದ್ದ ಬುತ್ತಿ.

ನಾನು ಆಗಷ್ಟೇ ಆಳಂದದ ಒಂದು ಪ್ರೌಢಶಾಲೆಗೆ ಇಂಗ್ಲಿಷ್ ಕಲಿಸಲು ಬಂದಿದ್ದೆ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಬಾಡಿಗೆ ಕೋಣೆ. ಅದಕ್ಕೂ ಮೊದಲು ಎರಡು ವರ್ಷ ಜೇವರ್ಗಿಯಲ್ಲಿದ್ದೆ. ಅಲ್ಲಿಗೆ ನಮ್ಮೂರು ಮಾದನಹಿಪ್ಪರಗಾದಿಂದ ನೇರ ಬಸ್ಸಿಲ್ಲದ ಕಾರಣ ಖಾನಾವಳಿಯಲ್ಲಿ ಉಂಡು ಹೊಟ್ಟೆ ಕೆಡಿಸಿಕೊಂಡಿದ್ದೆ. ಆಳಂದಕ್ಕೆ ಬಂದದ್ದೇ ತಡ, ಅವ್ವನ ಬುತ್ತಿ ಶುರುವಾಯಿತು. ಊರು ಬಿಟ್ಟು ಓದುವವರಿಗೆ, ದುಡಿಯುವವರಿಗೆ ನಮ್ಮ ಕಡೆ ಬೆಳಗಿನ ಬಸ್ಸಿನಲ್ಲಿ ಮನೆಯ ಊಟ ಬರುತ್ತದೆ. ಡ್ರೈವರ್ ಪಕ್ಕದ ಬಾನೆಟ್ಟಿನ ಮೇಲೆ ಡಬ್ಬಿಗಳ ಸಾಲು, ಗುರುತಿಗೆ ಒಂದೊಂದಕ್ಕೂ ಒಂದೊಂದು ಬಣ್ಣದ ಬಟ್ಟೆ. ನಮ್ಮದು ಹಸಿರು. ಸಂಜೆ ಅದೇ ಬಸ್ಸಿಗೆ ಡಬ್ಬಿ ವಾಪಸ್ ಹತ್ತಿಸಬೇಕು. ಹೆಂಗಸರಿಗೆ ಟಿಕೆಟ್ ಇಲ್ಲ ಎಂದಾದದ್ದು ಈಚೆಗೆ. ನಮ್ಮ ಬುತ್ತಿಗೆ ಮಾತ್ರ ಯಾವ ಕಂಡಕ್ಟರೂ ಎಂದೂ ಟಿಕೆಟ್ ಕೇಳಿದವರಲ್ಲ.

ಅವ್ವ ಊರ ಅಂಗನವಾಡಿಯಲ್ಲಿ ಸಹಾಯಕಿ. ಕಸ ಗುಡಿಸುವುದು, ಒಲೆ ಹಚ್ಚುವುದು, ಮನೆಮನೆಗೆ ಹೋಗಿ ಅಳುವ ಕೂಸುಗಳನ್ನು ಎತ್ತಿಕೊಂಡು ಬರುವುದು ಅವಳ ಕೆಲಸ. ಹದಿನೆಂಟು ವರ್ಷ ಅದನ್ನೇ ಮಾಡಿದ್ದಳು. ಕಾರ್ಯಕರ್ತೆಯಾಗಿದ್ದವರು ಮರುವರ್ಷ ನಿವೃತ್ತರಾಗುವವರಿದ್ದರು. ಆ ಜಾಗ ಅವ್ವನಿಗೆ ಸಿಗಬೇಕಾದರೆ ಅಷ್ಟರೊಳಗೆ ಹತ್ತನೆಯ ತರಗತಿ ಪಾಸಾಗಬೇಕು. ತವರೂರು ಘತ್ತರಗಿಯಲ್ಲಿ ಒಂಬತ್ತನೆಯ ತರಗತಿಗೆ ಶಾಲೆ ಬಿಡಿಸಿ ಮದುವೆ ಮಾಡಿದ್ದರು. ನಲವತ್ತೈದನೆಯ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಕೂತು ಐದು ವಿಷಯಗಳನ್ನು ಒಂದೇ ಏಟಿಗೆ ಪಾಸು ಮಾಡಿದಳು. ಇಂಗ್ಲಿಷ್ ಮಾತ್ರ ಎರಡು ಸಲ ಕೈಕೊಟ್ಟಿತು. ಮಗಳು ಇಂಗ್ಲಿಷ್ ಟೀಚರು, ತಾಯಿ ಇಂಗ್ಲಿಷಿನಲ್ಲಿ ನಪಾಸು! ನನಗೆ ನಾಚಿಕೆ, ಅವಳಿಗೆ ಸಿಟ್ಟು. ಈ ಸಲವೂ ತಪ್ಪಿದರೆ ಆ ಜಾಗ ಬೇರೆಯವರ ಪಾಲಾಗುತ್ತಿತ್ತು.

ಮೂರನೆಯ ಸಲದ ಅರ್ಜಿಯನ್ನು ಜೂನ್ ತಿಂಗಳಲ್ಲಿ ನನ್ನ ಫೋನಿನಲ್ಲೇ ತುಂಬಿದೆವು. ಕೊನೆಯ ಗುಂಡಿಯನ್ನು ಅವಳ ಬೆರಳಿನಿಂದಲೇ ಒತ್ತಿಸಿದೆ. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು: ‘ಯುವರ್ ಅಪ್ಲಿಕೇಶನ್ ಹ್ಯಾಸ್ ಬೀನ್ ಸಬ್ಮಿಟೆಡ್.’

"ಹಂಗಂದ್ರ?" ಅಂದಳು ಅವ್ವ.

"ನಿನ್ನ ಅರ್ಜಿ ಸಲ್ಲಿಸಲಾಗಿದೆ ಅಂತ."

"ಯಾರ್ ಸಲ್ಲಿಸಿದ್ರು?"

"ನೀನಾ ಅಲ್ಲೇನ್ ಬೇ, ಈಗ ಒತ್ತಿದಾಕಿ?"

"ಮತ್ತ ಅದ್ರಾಗ ನನ್ನ ಹೆಸರಾ ಇಲ್ಲಲ್ಲ!"

ಫೋನು ಮಾತಾಡುವುದೇ ಹೀಗೆ ಎಂದು ಬಿಡಿಸಿ ಹೇಳಿದೆ. ಸಿಲಿಂಡರ್ ಬುಕ್ ಆಗಿದೆ, ರೀಚಾರ್ಜ್ ಆಗಿದೆ, ಪಾಸ್‌ವರ್ಡ್ ಬದಲಾಗಿದೆ ಎಂದು ಕೆಲಸ ಮುಗಿದ ಸುದ್ದಿಯನ್ನಷ್ಟೇ ಕೊಡುತ್ತದೆ, ಮಾಡಿದವರ ಸುದ್ದಿ ಎತ್ತುವುದಿಲ್ಲ. ಪರೀಕ್ಷೆಯಲ್ಲಿ ಈ ಬಗೆಯ ವಾಕ್ಯಗಳು ಬಂದೇ ಬರುತ್ತವೆ, ಫೋನಿನ ಮೆಸೇಜು ಓದಿಯೇ ಕಲಿಯಬಹುದು ಎಂದೆ. ಅವ್ವ ಫೋನನ್ನು ನನ್ನ ಕೈಗೆ ವಾಪಸ್ ಕೊಟ್ಟಳು.

"ನಮ್ಮ ರಜಿಸ್ಟರ್‌ನ್ಯಾಗೂ ಹಂಗಾ ಬರೀತಾರ. ‘ಕೇಂದ್ರವನ್ನು ಸ್ವಚ್ಛಗೊಳಿಸಲಾಗಿದೆ.’ ಕಸಬರಗಿ ಹಿಡದಾಕಿ ನಾನು."

ನಾನು ಜೋರಾಗಿ ನಕ್ಕೆ. ಅವಳು ನಗಲಿಲ್ಲ.

ದಿನಾ ವಾಕ್ಯಗಳನ್ನು ಫೋನಿನಲ್ಲೇ ಬರೆದು ಕಳಿಸು ಎಂದರೆ ಅವ್ವ ಒಪ್ಪಲಿಲ್ಲ. "ಅದು ತಪ್ಪ ಬರದ್ರ ತಾನಾ ತಿದ್ದತದ. ಪರೀಕ್ಷಾದಾಗ ನನಗ ಪೆನ್ನಾ ಕೊಡ್ತಾರ, ಫೋನ್ ಕೊಡ್ತಾರೇನ್?" ಎಂದಳು. ಅವಳ ಮಾತು ಸರಿಯೇ ಇತ್ತು. ಹಾಗಾಗಿ ಬುತ್ತಿಯ ದಾರಿ ಹಿಡಿದೆವು. ಫೋನಿಗೆ ಬಂದ ಮೆಸೇಜನ್ನು ನೋಡಿ, ಅದೇ ಅಚ್ಚಿನಲ್ಲಿ ತನ್ನವೇ ಹತ್ತು ವಾಕ್ಯ ಬರೆಯಬೇಕು. ಚೀಟಿಯನ್ನು ತೆಳು ಪ್ಲಾಸ್ಟಿಕ್ ಪಾಕೀಟಿನಲ್ಲಿಟ್ಟು ಡಬ್ಬಿಯ ಬಟ್ಟೆಯ ಗಂಟಿಗೆ ಸಿಕ್ಕಿಸಬೇಕು. ನಾನು ತಿದ್ದಿ ಸಂಜೆಯ ಬಸ್ಸಿಗೆ ಕಳಿಸಬೇಕು.

ಮೊದಲ ವಾರ ಗ್ಯಾಸಿನದೂ ರೀಚಾರ್ಜಿನದೂ ಹಾಗೇ ನಕಲಾಗಿ ಬಂದವು. ಎರಡನೆಯ ವಾರಕ್ಕೆ ಅವ್ವ ತನ್ನ ಮನೆಯ ಸುದ್ದಿಗೆ ಇಳಿದಳು. ರೊಟ್ಟಿ ಬಡಿಯಲಾಗಿದೆ. ಎಮ್ಮೆಯನ್ನು ಹಿಂಡಲಾಗಿದೆ. ಪುಂಡಿಪಲ್ಯಕ್ಕೆ ಖಾರ ಹೆಚ್ಚು ಹಾಕಲಾಗಿದೆ. ಎಲ್ಲ ಇಂಗ್ಲಿಷಿನಲ್ಲಿ, ಎಲ್ಲಕ್ಕೂ ಹ್ಯಾಸ್ ಬೀನ್. ಒಂದು ದಿನ ‘ಯುವರ್ ಫಾದರ್ ಹ್ಯಾಸ್ ಬೀನ್ ಸ್ಕೋಲ್ಡೆಡ್’ ಎಂದಿತ್ತು. ಅದನ್ನು ನನಗಿಂತ ಮೊದಲು ಓದಿದವರು ಕಂಡಕ್ಟರು. ಅಫಜಲಪುರದ ಕಡೆಯವರು, ಬಿ.ಎ. ಓದಿದವರು, ಇಂಗ್ಲಿಷ್ ಅಕ್ಷರ ಕಂಡರೆ ಕಣ್ಣು ಹಾಯಿಸದೆ ಬಿಡುವವರಲ್ಲ.

"ಟೀಚರ್ರ, ಇವತ್ತ ನಿಮ್ಮ ತಂದಿಯವರು ಬೈಸ್ಕೊಂಡಾರ ನೋಡ್ರಿ," ಎಂದು ಡಬ್ಬಿ ಕೈಗಿಟ್ಟರು. "ಯಾರ್ ಬೈದ್ರು ಅನ್ನೂದೊಂದ ಬರದಿಲ್ಲ."

"ಅದನ್ನ ಬ್ಯಾರೆ ಬರೀಬೇಕೇನ್ರಿ?" ಅಂದೆ. ಇಳಿಯುತ್ತಿದ್ದವರೆಲ್ಲ ನಕ್ಕರು.

ನನಗೊಂದು ಕೆಟ್ಟ ಗುಣವಿದೆ. ಕೆಂಪು ಪೆನ್ನು ಕೈಗೆ ಬಂದರೆ ಸೊಕ್ಕೂ ಬರುತ್ತದೆ. ಎದುರಿಗಿರುವುದು ಹೆತ್ತ ತಾಯಿಯ ಬರಹ ಎಂಬುದು ಆಗ ನೆನಪಿರುವುದಿಲ್ಲ. ‘ಎಷ್ಟು ಸಲ ಹೇಳಬೇಕು?’, ‘ಗಮನವಿಟ್ಟು ಬರೆ’ ಎಂದೆಲ್ಲ ಅಂಚಿನಲ್ಲಿ ಗೀಚುತ್ತಿದ್ದೆ. ರೊಟ್ಟಿ ಉಂಡು, ಡಬ್ಬಿ ತೊಳೆದು, ಕೆಂಪಾದ ಚೀಟಿ ಸಿಕ್ಕಿಸಿ ಬಸ್ಸಿಗೆ ಹತ್ತಿಸಿದರೆ ನನ್ನ ಕೆಲಸ ಮುಗಿಯಿತು. ಎಂಟೊಂಬತ್ತು ತಿಂಗಳು ಹೀಗೇ ನಡೆಯಿತು. ಅವ್ವ ಚೆನ್ನಾಗಿಯೇ ಕಲಿತಳು, ಕಲಿಸಿದವಳು ನಾನೆಂಬ ಹೆಮ್ಮೆ ನನಗೆ.

ಪರೀಕ್ಷೆಗೆ ಎರಡು ವಾರವಿತ್ತು. ಆ ದಿನದ ಚೀಟಿಯಲ್ಲಿ ಒಂಬತ್ತನೆಯ ವಾಕ್ಯ ಹೀಗಿತ್ತು: ‘ದಿ ಬಾಕ್ಸ್ ಹ್ಯಾಸ್ ಬೀನ್ ರಿಟರ್ನ್ಡ್ ಎಂಪ್ಟಿ ಸಿನ್ಸ್ ಜೂನ್.’ ಜೂನ್ ತಿಂಗಳಿಂದ ಡಬ್ಬಿಯನ್ನು ಖಾಲಿಯಾಗಿಯೇ ಹಿಂದಿರುಗಿಸಲಾಗಿದೆ. ಒಂದೂ ತಪ್ಪಿರಲಿಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ, ಟಿಕ್ ಹಾಕಿ, ಪಕ್ಕದಲ್ಲಿ ‘ಗುಡ್’ ಎಂದು ಬರೆದು, ಅಡಿಗೆರೆಯನ್ನೂ ಎಳೆದೆ. ಡಬ್ಬಿ ತೊಳೆದು ಬಸ್ಸಿಗೆ ಹತ್ತಿಸಿದೆ.

ಮರುದಿನ ಬುತ್ತಿ ಬಂತು, ಚೀಟಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನು ಮಾಡಿದರೆ, "ಕೆಲಸ ಭಾಳ ಅದ ಯವ್ವಾ, ಆಮ್ಯಾಲ ಬರೀತೇನಿ" ಎಂದು ಇಟ್ಟುಬಿಟ್ಟಳು. ಪರೀಕ್ಷೆ ಹತ್ತಿರ ಬಂದಾಗ ಇವಳಿಗೇನಾಯಿತೆಂದು ನನಗೆ ರೇಗಿತು. ಮೂರನೆಯ ದಿನ ಸಂಜೆ ಡಬ್ಬಿ ಕೊಡಲು ಹೋದಾಗ ಕಂಡಕ್ಟರ್ ಅದನ್ನು ಕೈಯಲ್ಲಿ ಹಗುರಾಗಿ ತೂಗಿ ನೋಡಿದರು.

"ತಪ್ಪ ತಿಳಕೋಬ್ಯಾಡ್ರಿ ಟೀಚರ್ರ. ಆ ಒಂಬತ್ತನೇದು ನಾನೂ ಓದೇನ್ರಿ. ನೀವು ಅದಕ್ಕ ಗುಡ್ ಅಂತ ಬರದೀರಿ. ಡಬ್ಬಿ ಮತ್ತ ಖಾಲಿನಾ ಹತ್ತಿಸೀರಿ. ಇವತ್ತೂ ಖಾಲಿನಾ ಅದ."

ಅವ್ವ ಬರೆದದ್ದು ನನಗೆ ಆಗ ಅರ್ಥವಾಯಿತು. ನಮ್ಮ ಮನೆಗಳಲ್ಲಿ ಯಾರ ಪಾತ್ರೆಯನ್ನೂ ಖಾಲಿ ಹಿಂದಿರುಗಿಸುವುದಿಲ್ಲ. ಪಕ್ಕದ ಮನೆಯಿಂದ ಮಜ್ಜಿಗೆ ಬಂದ ತಂಬಿಗೆ ಹಿಡಿ ಶೇಂಗಾ ಹೊತ್ತು ಹೋಗುತ್ತದೆ, ಏನೂ ಇಲ್ಲವೆಂದರೆ ಚಿಟಿಕೆ ಸಕ್ಕರೆಯಾದರೂ ಬೀಳುತ್ತದೆ. ಇದನ್ನು ನನಗೆ ಕಲಿಸಿದವಳು ಅವ್ವ. ಹೊತ್ತು ಮೂಡುವ ಮುಂಚೆ ಎದ್ದು, ರೊಟ್ಟಿ ಬಡಿದು, ವಾಕ್ಯ ಬರೆದು, ಬಸ್ಸಿಗೆ ಓಡಿ, ಆಮೇಲೆ ಅಂಗನವಾಡಿಯ ಕಸಬರಗಿ ಹಿಡಿಯುತ್ತಿದ್ದವಳಿಗೆ ನಾನು ಒಂದು ದಿನವೂ ಒಂದು ಪೇರಲಹಣ್ಣು ಕಳಿಸಿರಲಿಲ್ಲ. ಬಾಯಿಬಿಟ್ಟು ಕೇಳುವ ಪೈಕಿಯವಳಲ್ಲ ಅವಳು. ಕಲಿತ ಇಂಗ್ಲಿಷಿನಲ್ಲಿ, ಯಾರ ಹೆಸರನ್ನೂ ಎತ್ತದೆ ಹೇಳಿದ್ದಳು. ಅದಕ್ಕೆ ನಾನು ಅಂಕ ಕೊಟ್ಟಿದ್ದೆ.

ಡ್ರೈವರ್ ಬಸ್ಸು ಚಾಲೂ ಮಾಡಿದರು. ಹಣ್ಣಿನ ಬಂಡಿ ಸ್ಟ್ಯಾಂಡಿನ ಆ ತುದಿಯಲ್ಲಿತ್ತು. ಚೀಲದಲ್ಲಿ ಕೈಯಾಡಿಸಿದರೆ ಸಿಕ್ಕಿದ್ದು ಸೀಮೆಸುಣ್ಣದ ತುಂಡು, ಹಾಜರಿ ಪುಸ್ತಕ, ಕೆಂಪು ಪೆನ್ನು. ಬಟ್ಟೆ ಬಿಚ್ಚಿ, ಪೆನ್ನನ್ನು ಡಬ್ಬಿಯೊಳಗಿಟ್ಟು, ಮುಚ್ಚಿ ಕೊಟ್ಟೆ. ಕಂಡಕ್ಟರ್ ಡಬ್ಬಿಯನ್ನು ಕಿವಿಯ ಹತ್ತಿರ ಅಲುಗಾಡಿಸಿದರು. ಒಳಗೆ ಪೆನ್ನು ಕಟಕಟ ಎಂದಿತು.

"ಈಗ ಬರೋಬರ್ ಆತು ನೋಡ್ರಿ," ಎಂದು ಸೀಟಿ ಊದಿದರು.

ಮರುದಿನ ಚೀಟಿ ಬಂತು. ಹತ್ತು ವಾಕ್ಯ ನೀಲಿಯಲ್ಲಿ, ಎರಡು ತಪ್ಪು ಕೆಂಪಿನಲ್ಲಿ. ಅವ್ವ ತಾನೇ ಹಿಡಿದು ತಾನೇ ತಿದ್ದಿಕೊಂಡಿದ್ದಳು, ನನಗೆ ತಿದ್ದಲು ಏನೂ ಉಳಿಸಿರಲಿಲ್ಲ. ಅಂಚಿನಲ್ಲಿ ನನ್ನ ಹಾಗೆಯೇ ‘ಗಮನವಿಟ್ಟು ಬರೆ’ ಎಂದು ತನಗೇ ಬರೆದುಕೊಂಡಿದ್ದಳು. ಅದನ್ನು ಓದಿ ಸ್ಟಾಫ್ ರೂಮಿನಲ್ಲಿ ಒಬ್ಬಳೇ ನಕ್ಕೆ, ಕಣ್ಣೂ ಒದ್ದೆಯಾಯಿತು. ಆ ಸಂಜೆ ಡಬ್ಬಿಯಲ್ಲಿ ದ್ರಾಕ್ಷಿ ಹೋಯಿತು. ಆಮೇಲೆ ಒಂದು ದಿನವೂ ಅದು ಖಾಲಿ ಹೋಗಲಿಲ್ಲ.

ಫಲಿತಾಂಶವನ್ನು ಫೋನಿನಲ್ಲಿ ಅವ್ವ ತಾನೇ ನೋಡಿದಳು. ಇಂಗ್ಲಿಷಿನಲ್ಲಿ ಮೂವತ್ತೆಂಟು, ಪಾಸು. ಅಪ್ಪ ಓಣಿಗೆಲ್ಲ ಪೇಡೆ ಹಂಚಿದ. ವರ್ಷ ತಿರುಗುವಷ್ಟರಲ್ಲಿ ಆಯ್ಕೆಯಾದ ಆದೇಶವೂ ಬಂತು. ಹಳೆಯ ಅಂಗನವಾಡಿಯಲ್ಲೇ ಅವ್ವ ಕಾರ್ಯಕರ್ತೆಯಾದಳು, ಸಹಾಯಕಿಯಾಗಿ ಅದೇ ಓಣಿಯ ಸೊಸೆಯೊಬ್ಬಳು ಬಂದಳು.

ಮೊನ್ನೆ ಮೇಲ್ವಿಚಾರಕಿ ಬಂದು ರಜಿಸ್ಟರ್ ತೆಗೆದು ನೋಡಿದರಂತೆ. ದಿನಾಲೂ ‘ಕೇಂದ್ರವನ್ನು ಸ್ವಚ್ಛಗೊಳಿಸಲಾಗಿದೆ’ ಎಂಬುದರ ಮುಂದೆ ಆ ಹೊಸ ಸಹಾಯಕಿಯ ಪೂರ್ತಿ ಹೆಸರು, ಅದೂ ಕೆಂಪು ಶಾಯಿಯಲ್ಲಿ.

"ಇಷ್ಟ ಉದ್ದ ಯಾಕ್ ಬರೀತೀರಿ? ಕೆಂಪ ಶಾಯಿ ಬ್ಯಾರೆ!" ಎಂದರಂತೆ ಅವರು.

"ಕಸಬರಗಿ ಹಿಡದಾಕಿ ಅಕಿ ಅದಾಳ್ರಿ," ಎಂದಳಂತೆ ಅವ್ವ. "ಪೆನ್ನಾ ನನ್ನ ಮಗಳ ಕೊಟ್ಟಿದ್ದು."

ಮೇಲ್ವಿಚಾರಕಿ ಸಹಿ ಹಾಕಿ ಹೋದರಂತೆ. ಫೋನಿನಲ್ಲಿ ಇದನ್ನೆಲ್ಲ ಹೇಳಿ ಮುಗಿಸಿ, ಪೆನ್ನಿನ ಶಾಯಿ ತೀರುತ್ತ ಬಂದಿದೆ ಎಂದಳು ಅವ್ವ. ಆ ಸಂಜೆ ಡಬ್ಬಿಯಲ್ಲಿ ಎರಡು ಕೆಂಪು ರೀಫಿಲ್ ಇಟ್ಟು ಕಳಿಸಿದೆ.