ನೀರು ಕುಡಿದ ಖಡಿ

ಶಿಗ್ಲಿಯ ಸಾವಕ್ಕನಿಗೆ ಓದು ಬರಹ ಬಾರದು. ಆದರೆ ಮೂವತ್ತು ವರ್ಷ ಕಾಂಕ್ರೀಟಿನ ಬುಟ್ಟಿ ಹೊತ್ತವಳು, ಖಡಿಯನ್ನು, ಅಂದರೆ ಜಲ್ಲಿಕಲ್ಲನ್ನು, ಮುಟ್ಟಿಯೇ ಅದರ ಗುಣ ಹೇಳುತ್ತಾಳೆ. ಇಂಥವಳ ಮೇಲೆ ಗುತ್ತಿಗೆದಾರ ದೇವೇಂದ್ರಪ್ಪ ಹೊರಿಸಿದ ಅಪವಾದ ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಊರಿನ ಹಳೆಯ ನೀರಿನ ಟಾಕಿ ಕೆಡವಿದ್ದರು. ಅದರ ಕಾಂಕ್ರೀಟನ್ನೇ ಒಡೆದು ಖಡಿ ಮಾಡಿ, ಅಂಗನವಾಡಿಯ ಅಂಗಳಕ್ಕೆ ಹೊಸ ಕಾಂಕ್ರೀಟ್ ಹಾಕುವುದೆಂದಾಯಿತು. ಗುಡ್ಡ ಒಡೆದು ಹೊಸ ಕಲ್ಲು ತರುವುದಕ್ಕಿಂತ ಒಳ್ಳೆಯದೇ. ಖಡಿಯನ್ನು ಜರಡಿ ಹಿಡಿದು, ತೊಳೆದು, ಒಂದು ದಿನ ನೆನೆಸಿಡುವ ಕೆಲಸ ಸಾವಕ್ಕನದು. ಹಳೆಯ ಖಡಿಗೆ ಅಂಟಿದ ಸಿಮೆಂಟು ನೀರು ಹೀರುತ್ತದೆ. ಒಣಗಿದ್ದನ್ನೇ ಹಾಕಿದರೆ ಹೊಸ ಸಿಮೆಂಟಿನ ಪಾಲಿನ ನೀರನ್ನೂ ಕುಡಿದುಬಿಡುತ್ತದೆ.

ಬಾಗಿಲ ಕಡೆಯ ಅರ್ಧ ಅಂಗಳಕ್ಕೆ ನೆನೆದ ಖಡಿ ಬಿತ್ತು. ಅಷ್ಟರಲ್ಲಿ ದೇವೇಂದ್ರಪ್ಪ ಬಂದ.

"ಉಳದ ಖಡಿ ನೆನಸಬ್ಯಾಡ್ರಿ, ಹಂಗ ಹಾಕ್ರಿ. ಜಲ್ದಿ ಮುಗೀಬೇಕು, ಉದ್ಘಾಟನಿ ಐತಿ."

"ಒಂದ ದಿನ ತಡೀರಿ ಸಾವ್ಕಾರ್ರ, ಅದಕ್ಕ ನೀರಡಿಕಿ ಭಾಳ ಇರ್ತೈತಿ," ಎಂದಳು ಸಾವಕ್ಕ.

"ಕಲ್ಲಿಗೆ ಎಂಥಾ ನೀರಡಿಕಿ? ಸುಮ್ನ ಬುಟ್ಟಿ ಹೊರು."

ತಿಂಗಳೊಳಗೆ ಗೋಡೆ ಕಡೆಯ ಅರ್ಧ, ಅಂದರೆ ಒಣ ಖಡಿ ಹಾಕಿದ ಅರ್ಧ, ಬಿರಿಯಿತು. ನೋಡಲು ಬಂದ ಇಂಜಿನಿಯರ್ ಮುಂದೆ ದೇವೇಂದ್ರಪ್ಪ ಸಾವಕ್ಕನತ್ತ ಬೆರಳು ಮಾಡಿದ. "ಈಕಿ ಖಡಿ ಸರಿ ತೊಳದಿಲ್ರಿ."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಪುಣ್ಯಾತ್ಮ ನೆಲವನ್ನೂ ತಾನೇ ಕೆಡಿಸಿ, ತಪ್ಪನ್ನು ಬುಟ್ಟಿ ಹೊತ್ತವಳ ತಲೆಗೆ ಕಟ್ಟಿದ!

"ಬಾಗಲ ಕಡೆ ಅರ್ಧ ನೋಡ್ರಿ ಸಾಹೇಬ್ರ. ಅದನ್ನೂ ನಾನ ತೊಳದದ್ದು. ಎಲ್ಲ್ಯರ ಬಿರುಕು ಐತೇನು?"

ಸಾಹೇಬರಿಗೆ ನೋಡಲು ಪುರುಸೊತ್ತಿರಲಿಲ್ಲ. ಇಡೀ ಅಂಗಳ ಒಡೆಯಲು ಹೇಳಿ ಹೊರಟೇಬಿಟ್ಟರು. ಮರುದಿನದಿಂದ ಊರಿನ ಯಾವ ಗೌಂಡಿಯೂ ಸಾವಕ್ಕನನ್ನು ಕೆಲಸಕ್ಕೆ ಕರೆಯಲಿಲ್ಲ. ಮೂವತ್ತು ವರ್ಷದ ಹೆಸರು ಒಂದು ಸುಳ್ಳಿಗೆ ಹೋಯಿತು.

ಒಡೆಯಲು ಲಕ್ಷ್ಮೇಶ್ವರದಿಂದ ಕಳಕಪ್ಪ ಎಂಬ ಕೂಲಿಯಾಳು ಬಂದ. ಗೋಡೆ ಕಡೆಯದು ಬೆಳಗಿನ ಚಹಾದ ಹೊತ್ತಿನೊಳಗೆ ಎದ್ದುಬಂತು. ಬಾಗಿಲ ಕಡೆಯದಕ್ಕೆ ಮಧ್ಯಾಹ್ನ ಕಳೆಯಿತು, ಸುತ್ತಿಗೆಯ ಹಿಡಿಕೆಯೇ ಮುರಿಯಿತು. ಓಣಿಯವರೆಲ್ಲ ಸೇರಿದ್ದರು. ಸಾವಕ್ಕನೂ ಬಂದು ನಿಂತಿದ್ದಳು.

"ಯಪ್ಪಾ, ಇಷ್ಟ ಗಟ್ಟಿ ಖಡಿ ಯಾರು ಹದಾ ಮಾಡ್ಯಾರ?" ಎಂದ ಕಳಕಪ್ಪ, ಬೆವರು ಒರೆಸಿಕೊಳ್ಳುತ್ತ.

ಓಣಿಯವರೆಲ್ಲ ಸಾವಕ್ಕನತ್ತ ತಿರುಗಿದರು. ದೇವೇಂದ್ರಪ್ಪ ಮಾತ್ರ ಮೊಬೈಲ್ ನೋಡುತ್ತ ನಿಂತ. ಅವಳು ಅವನ ಎದುರಿಗೇ ಹೋದಳು.

"ಇದನ್ನೂ ಖಡಿ ಮಾಡಿಸ್ರಿ ಸಾವ್ಕಾರ್ರ. ಈ ಸಲನಾದ್ರೂ ಅದಕ್ಕ ನೀರ ಕುಡಸ್ರಿ."